ಅಳಿಸಿದ ಸಾಲು

ಹತ್ತು ಗಂಟೆಯ ಹೊತ್ತಿಗೆ ಗೋಡೆಯಾಚೆಯ ಹಂದಿಗಳ ಕಿರುಚಾಟ ಅವನಿಗೆ ಮೊದಲ ಸಲ ಕೇಳಿಸಿತು. ಹನ್ನೊಂದು ವರ್ಷದಿಂದ ಈ ಕಸಾಯಿಖಾನೆಯ ಕಂಪ್ಯೂಟರ್ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತಿದ್ದಾನೆ, ಕೇಳಿಸಿರಲಿಲ್ಲ. ಕೊಲ್ಲುವ ಸಾಲು ಓಡುತ್ತಿರುವಾಗ ಸರಪಳಿ, ನೀರು, ಗರಗಸ ಎಲ್ಲ ಸೇರಿ ಒಂದೇ ಗುಂಯ್‌ಗುಡುವ ಸದ್ದಾಗಿ ಗೋಡೆ ದಾಟಿ ಬರುತ್ತಿತ್ತು; ಅದನ್ನು ಅವನು ತನ್ನ ಯಂತ್ರಗಳ ಫ್ಯಾನಿನ ಸದ್ದಿನ ಜೊತೆ ಬೆರೆಸಿ ಮರೆತುಬಿಟ್ಟಿದ್ದ. ಇವತ್ತು ಸಾಲು ನಿಂತಿತ್ತು. ನಿಂತದ್ದು ಅವನಿಂದ. ಆ ಗುಂಯ್‌ಗುಡುವುದು ನಿಂತದ್ದೇ ತಡ, ಇಷ್ಟು ವರ್ಷ ಅದರಡಿ ಹೂತುಹೋಗಿದ್ದ ದನಿ ಎದ್ದು ಬಂದಿತ್ತು. ಬೆರಳು ಬಾಗಿಲಿಗೆ ಸಿಕ್ಕಿಹಾಕಿಕೊಂಡ ಮಗುವಿನ ದನಿ. ಆದರೆ ಒಂದಲ್ಲ, ಆರುನೂರು.

ಎದುರಿನ ಪರದೆಯ ಮೇಲೆ ಕೆಂಪಕ್ಷರದ ಮೂರು ಸಾಲು ಅಲ್ಲಾಡದೆ ನಿಂತಿದ್ದವು. ಇಂಥ ತಂತ್ರಾಂಶದ ಪ್ಯಾಕೇಜಿಗೆ ಇಂಥದರ ಹಳೆಯ ಆವೃತ್ತಿ ಬೇಕು; ಹೊಸ ಆವೃತ್ತಿ ಬರುತ್ತಿದೆ; ಎರಡೂ ಒಟ್ಟಿಗೆ ಇರಲಾರವು. ಅಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಬೆಳಿಗ್ಗೆ ಆರಕ್ಕೆ ಅವನು ಸರ್ವರಿನ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಕ್ಕೆ ಏರಿಸುವ ಕೆಲಸ ಶುರುಮಾಡಿದ್ದ. "ಒಂದು ಗಂಟೆ ಭಾವ, ಹೆಚ್ಚು ಅಂದ್ರೆ ಒಂದೂವರೆ. ಏಳೂವರೆಗೆ ನೀವು ಮೊದಲನೇ ಹಂದಿ ಬಿಡಬಹುದು" ಎಂದು ನಿನ್ನೆ ಎದೆ ಉಬ್ಬಿಸಿ ಹೇಳಿದ್ದ. ಏಳು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ನಿಂತಿತು. ಅರ್ಧ ಹಳೆಯದು, ಅರ್ಧ ಹೊಸದು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬೂಟು ಹಾಕಿಕೊಂಡು ಹೊಸ್ತಿಲ ಮೇಲೆ ನಿಂತವನ ಹಾಗೆ ಯಂತ್ರ ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ. ಪ್ರತಿ ಹಂದಿಯ ಕಿವಿಯಲ್ಲಿ ಒಂದು ಬಿಲ್ಲೆ ಇರುತ್ತದೆ. ಅದರ ನಂಬರನ್ನು ಸರ್ವರ್ ಓದಿ, ಯಾವ ಸಾಕಣೆಯದು, ವೈದ್ಯರು ನೋಡಿದ್ದಾರೆಯೆ ಎಂದು ತಾಳೆ ಹಾಕಿ, ಹೂಂ ಎಂದರೆ ಮಾತ್ರ ಒಳಗೇಟು ತೆರೆಯುತ್ತದೆ. ಸರ್ವರ್ ಹೂಂ ಎನ್ನದೆ ಒಂದನ್ನೂ ಕೊಲ್ಲುವಂತಿಲ್ಲ, ಅದು ಕಾನೂನು. ಹೀಗಾಗಿ ಆರುನೂರ ನಲವತ್ತು ಹಂದಿಗಳು ತಗಡಿನ ಮಾಡಿನಡಿಯ ಕೊಟ್ಟಿಗೆಗಳಲ್ಲಿ ಸಾಯಲಾರದೆ ನಿಂತಿದ್ದವು. ಬಿಸಿಲು ಏರುತ್ತಿತ್ತು.

ಬಾಗಿಲು ತಟ್ಟದೆ ಒಳಗೆ ಬರುವವರು ಭಾವ ಒಬ್ಬರೇ. ಅಕ್ಕನ ಗಂಡ, ಸಾಲಿನ ಮೇಲ್ವಿಚಾರಕರು. ಈ ಕೆಲಸ ಕೊಡಿಸಿದವರೂ ಅವರೇ, ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ, ಅದರಿಂದಲೇ ಅದು ಮರೆತುಹೋಗುತ್ತಿರಲಿಲ್ಲ. ರಬ್ಬರ್ ಬೂಟಿನ ಕೆಳಗಿಂದ ನೀರು ಅವನ ಬಿಳಿ ನೆಲದ ಮೇಲೆ ಹರಿಯಿತು.

"ಇನ್ನೆಷ್ಟು ಹೊತ್ತು?"

"ನೋಡ್ತಾ ಇದೀನಿ ಭಾವ."

"ನೋಡೋದು ನಾನೂ ನೋಡ್ತಾ ಇದೀನಿ. ಮೂರು ಗಂಟೆ ಹೊತ್ತಿಂದ ನೋಡ್ತಾ ಇದೀನಿ. ಇನ್ನೂ ಎರಡು ಲಾರಿ ಗೇಟಲ್ಲಿ ನಿಂತಿವೆ. ಆಗಿರೋದಾದ್ರೂ ಏನು?"

ಅವನು ಹೇಳತೊಡಗಿದ. ಪ್ಯಾಕೇಜು, ಆವೃತ್ತಿ, ಒಂದರ ಮೇಲೊಂದು ಅವಲಂಬಿಸಿರುವುದು. ಹೇಳುತ್ತ ಹೇಳುತ್ತ ಭಾವನ ಮುಖದಲ್ಲಿ ಒಂದು ಬಗೆಯ ತಾಳ್ಮೆ ಕಂಡಿತು, ಬುದ್ಧಿ ಬೆಳೆಯದ ನೆಂಟನ ಮಾತನ್ನು ಊಟದ ಮೇಜಿನಲ್ಲಿ ಕೇಳಿಸಿಕೊಳ್ಳುವ ತಾಳ್ಮೆ. ಆ ತಾಳ್ಮೆ ಅವನ ಕೆನ್ನೆಗೆ ಬಾರಿಸಿದಂತಾಯಿತು. ಭಾವ ಕೈ ಅಡ್ಡ ಹಿಡಿದು, "ಯಾರಿಂದ ಆಯ್ತು? ಅದೊಂದು ಹೇಳು, ಸಾಕು" ಎಂದರು.

"ಪ್ರಿಂಟರ್‌ನೋನು," ಎಂದಿತು ಅವನ ಬಾಯಿ. "ಲೇಬಲ್ ಪ್ರಿಂಟರಿಗೆ ಅಂತ ಅವನು ಹಾಕಿದ್ದ ಪ್ಯಾಕೇಜು. ಅದೇ ಅಡ್ಡ ಕೂತಿದೆ."

"ಶಾಯಿನಾ?"

"ಅವನೇ."

"ಕರೆಸ್ತೀನಿ," ಎಂದು ಭಾವ ಹೋದರು. ಬಾಗಿಲು ಮುಚ್ಚಿದ ಮೇಲೆ ಅವನು ಎದ್ದು ನೆಲ ಒರೆಸಿದ. ಒರೆಸುವುದು ಅವನ ಕೆಲಸವಲ್ಲ.

ಶಾಯಿ ಎಂದು ಅವನಿಗೆ ಹೆಸರಿಟ್ಟವರು ಸಾಲಿನ ಹುಡುಗರಲ್ಲ, ಇವನೇ. ವಾರಕ್ಕೆರಡು ಸಲ ಸದ್ದು ಮಾಡುವ ಹಳೇ ಮೊಪೆಡ್ಡಿನಲ್ಲಿ ಬಂದು ಲೇಬಲ್ ಪ್ರಿಂಟರುಗಳ ಹೊಟ್ಟೆ ಬಗೆದು, ಒರೆಸಿ, ಮತ್ತೆ ಹೊಲಿದು ಹೋಗುವ ಬಡಕಲು ಮನುಷ್ಯ. ಐವತ್ತು ದಾಟಿರಬೇಕು. ಉಗುರಿನ ಸಂದಿಯಲ್ಲಿ ಕಪ್ಪು, ದಪ್ಪ ಗಾಜಿನ ಕನ್ನಡಕ, ಯಾರು ಏನು ಕೇಳಿದರೂ ಮೊದಲು "ಸರಿ ಸಾರ್" ಎಂದು ಆಮೇಲೆ ಯೋಚಿಸುವ ಅಭ್ಯಾಸ. ಒಂದೇ ಒಂದು ಸಲ ಸರಿ ಎಂದಿರಲಿಲ್ಲ. ಮೂರು ವರ್ಷದ ಹಿಂದೆ, ಹೊಸ ಪ್ರಿಂಟರು ಬಂದ ದಿನ, ಇದೇ ಕೋಣೆಯಲ್ಲಿ, ಇವನ ಕುರ್ಚಿಯ ಹಿಂದೆ ನಿಂತು ಪರದೆಯನ್ನು ಇಣುಕಿ, "ಬೇಡಿ ಸಾರ್, ಬಲವಂತ ಮಾಡ್ಬೇಡಿ" ಎಂದಿದ್ದ. "ಈ ಪ್ಯಾಕೇಜು ಹಳೇ ಸಿಸ್ಟಮ್ಮಿಗೆ ಅಂತ ಮಾಡಿದ್ದು. ಇವತ್ತು ಒಳಗೆ ಹೋಗತ್ತೆ, ಮುಂದೊಂದು ದಿನ ಎಲ್ಲಾನೂ ಹಿಡ್ಕೊಂಡು ಕೂತ್ಕೊಳತ್ತೆ. ನಾಲ್ಕು ದಿನ ತಡೀರಿ, ಸರಿಯಾದ್ದು ತರಿಸಿ ಕೊಡ್ತೀನಿ." ಅವತ್ತು ಇವನ ಮಗಳ ಶಾಲೆಯಲ್ಲಿ ನಾಟಕವಿತ್ತು. ಮಗಳು ಮರವಾಗಿದ್ದಳು, ಕೈ ಎತ್ತಿ ನಿಲ್ಲುವುದಷ್ಟೇ ಪಾತ್ರ, ಆದರೂ ಐದಕ್ಕೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಗಂಟೆ ನಾಲ್ಕೂವರೆ. ನನಗೆ ಹೇಳಿಕೊಡಲು ಬಂದನಲ್ಲ ಈ ಮಸಿಬೆರಳಿನವನು ಎಂಬ ಸಿಟ್ಟೂ ಸೇರಿ, ಹೊಂದುವುದಿಲ್ಲ ಎಂದ ಯಂತ್ರದ ಬಾಯಿ ಮುಚ್ಚಿಸುವ ಆ ಒಂದು ಪದವನ್ನು ಆಜ್ಞೆಗೆ ಸೇರಿಸಿ ಒತ್ತಿಬಿಟ್ಟಿದ್ದ. ಒಳಗೆ ಹೋಯಿತು. ಅದು ಕಳಚಿಕೊಳ್ಳದಿರಲೆಂದು ಹಳೆಯ ಆವೃತ್ತಿಗೆ ಒಂದು ಬೀಗವನ್ನೂ ಜಡಿದಿದ್ದ. ಶಾಯಿ "ಸರಿ ಸಾರ್" ಎಂದು ಚೀಲ ಎತ್ತಿಕೊಂಡಿದ್ದ. ಇವತ್ತು ಬೆಳಿಗ್ಗೆ ಆರಕ್ಕೆ ಯಂತ್ರ ಕೇಳಿತ್ತು: ಬೀಗ ಹಾಕಿದ ಪ್ಯಾಕೇಜುಗಳಿವೆ, ಮುಂದುವರಿಯಲೇ? ಹೆಂಡತಿಯ ಮಾತಿಗೆ ಪೇಪರಿನಿಂದ ತಲೆ ಎತ್ತದೆ ಹೂಂ ಎನ್ನುವ ಹಾಗೆ ಅವನ ಬೆರಳು ಹೂಂ ಎಂದಿತ್ತು.

ಅಂದರೆ ಎರಡು ಸಲ ಕೇಳಿದೆ, ಎರಡು ಸಲವೂ ನಾನೇ ಹೂಂ ಎಂದಿದ್ದೇನೆ, ಎಂದುಕೊಂಡ. ಇದನ್ನು ಯಾರಿಗೂ ಹೇಳಬೇಕಾಗಿಲ್ಲ, ಸರಿಮಾಡಿದರೆ ಸಾಕು. ಆದರೆ ಸರಿಮಾಡಲು ಕೂತವನ ಕೈ ಸರಿಮಾಡುವುದರ ಕಡೆ ಹೋಗದೆ ಬೇರೆಯೇ ಕಡೆ ಹೋಯಿತು. ಯಂತ್ರ ತನ್ನ ಮೈಮೇಲೆ ಆದದ್ದನ್ನೆಲ್ಲ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ: ಯಾವ ದಿನ, ಎಷ್ಟು ಗಂಟೆಗೆ, ಯಾವ ಪ್ಯಾಕೇಜು, ಯಾವ ಆಜ್ಞೆ, ಆಜ್ಞೆ ಕೊಟ್ಟವರು ಯಾರು. ಕಡತವನ್ನು ತೆರೆದು ಮೂರು ವರ್ಷ ಹಿಂದಕ್ಕೆ ಹೋದ. ಇತ್ತು. ನಾಲ್ಕು ಗಂಟೆ ಮೂವತ್ನಾಲ್ಕು ನಿಮಿಷ. ಬಲವಂತದ ಆ ಪದ. ಕೊನೆಯಲ್ಲಿ ಅವನ ಹೆಸರು.

ಅಕ್ಕನಿಗೆ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಊಟಕ್ಕೆ ಕೂತಾಗ ಭಾವ ಯಾವಾಗಲೂ ಅವಳ ಬಲಗಡೆಯ ಕುರ್ಚಿ ಎಳೆದುಕೊಳ್ಳುತ್ತಾರೆ, ಯಾರೂ ಅದನ್ನು ಗಮನಿಸದಷ್ಟು ಸಲೀಸಾಗಿ. ಅದಾದಾಗ ಅವನಿಗೆ ಒಂಬತ್ತು, ಅವಳಿಗೆ ಹನ್ನೆರಡು. ಅಪ್ಪನ ಗಡಿಯಾರ ಸ್ನಾನದ ಬಕೀಟಿನ ತಳದಲ್ಲಿ ಬಿದ್ದಿತ್ತು, ನೀರೊಳಗೆ ಮುಳ್ಳು ಇನ್ನೂ ನಡೆಯುತ್ತಿತ್ತು, ಅದು ಎಷ್ಟು ಹೊತ್ತು ನಡೆಯುತ್ತದೆಂದು ನೋಡಲು ಹಾಕಿದವನು ಅವನು. ಅಪ್ಪ ಬೆಲ್ಟು ಬಿಚ್ಚುತ್ತ "ಯಾರು?" ಎಂದರು. ಏನಾಯಿತು, ಏಕಾಯಿತು ಎಂದು ಕೇಳಲಿಲ್ಲ, ಯಾರು, ಅಷ್ಟೇ. "ಅಕ್ಕ" ಎಂದಿತ್ತು ಬಾಯಿ. ಅವಳು ಅವನ ಕಡೆ ಒಂದು ಸಲ ನೋಡಿದಳು. ಬೈದಿದ್ದರೆ, ಅಲ್ಲವೆಂದು ಕಿರುಚಿದ್ದರೆ ಚೆನ್ನಾಗಿರುತ್ತಿತ್ತು. ಬೆಲ್ಟಿನ ಕೊಕ್ಕೆ ಕಿವಿಯ ಹಿಂದೆ ಬಿದ್ದಾಗ ಸದ್ದು ಬಹಳ ಸಣ್ಣದಿತ್ತು, ಹಸಿಮರದ ಕೊಂಬೆ ಮುರಿದಂತೆ. ಆಮೇಲೆ ಎರಡು ದಿನ ಅವಳ ದಿಂಬಿನ ಮೇಲೆ ಹಳದಿ ಕಲೆ. ಅವನು ತನ್ನ ದಿಂಬನ್ನು ಅವಳಿಗೆ ಕೊಟ್ಟಿದ್ದ. ಅದೊಂದು ಒಳ್ಳೆಯ ಕೆಲಸವೆಂದು ಬಹಳ ವರ್ಷ ನೆನಪಿಟ್ಟುಕೊಂಡಿದ್ದ.

ಸಾಲನ್ನು ಆರಿಸಿದ. ಪರದೆಯ ಮೇಲೆ ಅದು ನೀಲಿಯಾಯಿತು. ಅಳಿಸುವ ಗುಂಡಿಯ ಮೇಲಿದ್ದ ಬೆರಳನ್ನು ಅದು ತನ್ನದಲ್ಲವೆಂಬಂತೆ ನೋಡಿದ. ಒತ್ತಿತು. ಮೇಲಿನ ಸಾಲು, ಕೆಳಗಿನ ಸಾಲು ಒಂದನ್ನೊಂದು ಕೂಡಿಕೊಂಡವು, ನಡುವೆ ಏನೂ ಇರಲೇ ಇಲ್ಲವೆಂಬ ಹಾಗೆ. ಬೀಗ ಜಡಿದ ಸಾಲನ್ನೂ ಹುಡುಕಿ ಅಳಿಸಿದ.

ಭಾವ ಮತ್ತೆ ಬಂದವರೇ ಅವನ ಅಂಗಿಯ ಕಾಲರಿಗೆ ಕೈ ಹಾಕಿ ಎಬ್ಬಿಸಿದರು. ನಲವತ್ತಮೂರು ವರ್ಷದ ಮನುಷ್ಯನನ್ನು ಹಾಗೆ ಎಬ್ಬಿಸಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಕಾರಿಡಾರಿನುದ್ದಕ್ಕೂ, ತೂಕದ ಕೋಣೆಯ ಹೆಂಗಸರು ನೋಡುತ್ತಿರುವಂತೆ, ಹಿಂಬಾಗಿಲಿನಿಂದ ಕೊಟ್ಟಿಗೆಗಳ ಅಂಗಳಕ್ಕೆ ಎಳೆದುಕೊಂಡು ಹೋದರು. "ನೋಡು. ಪರದೆ ಸಾಕು, ಇದನ್ನ ನೋಡು."

ಬಿಸಿಲು, ವಾಸನೆ, ಸದ್ದು ಮೂರೂ ಒಟ್ಟಿಗೆ ಮುಖಕ್ಕೆ ಬಡಿದವು. ಲಾರಿಗಳನ್ನು ಖಾಲಿ ಮಾಡಲು ಜಾಗವಿಲ್ಲದೆ ಎರಡು ಬೇರೆ ಬೇರೆ ಸಾಕಣೆಯ ಹಂದಿಗಳನ್ನು ಒಂದೇ ಕೊಟ್ಟಿಗೆಗೆ ನುಗ್ಗಿಸಿದ್ದರು. ಅಪರಿಚಿತ ಹಂದಿಗಳು ಒಟ್ಟಿಗಿರುವುದಿಲ್ಲ. ಕಚ್ಚುತ್ತಿದ್ದವು. ಒಂದು ಇನ್ನೊಂದರ ಪಕ್ಕೆಗೆ ಮೂತಿ ಹೊಗಿಸಿ ಎತ್ತಿ ಬಡಿಯುತ್ತಿತ್ತು. ಇನ್ನೊಂದಕ್ಕೆ ಓಡಲು ಜಾಗವಿರಲಿಲ್ಲ, ಸಾಯುತ್ತಿದ್ದ ಮೂರನೆಯದರ ಮೇಲೆ ಹತ್ತಿತು. ಕಿವಿಗಳು ಹರಿದು ಜೋತಾಡುತ್ತಿದ್ದವು. ನಂಬರಿನ ಬಿಲ್ಲೆಗಳು ಕಿತ್ತುಬಂದು ಸಗಣಿಯಲ್ಲಿ ಹಳದಿ ಹೂವಿನಂತೆ ಬಿದ್ದಿದ್ದವು. ಮೂಲೆಯಲ್ಲಿ ಒಂಬತ್ತು ಹಂದಿಗಳು ಬಾಯಿ ತೆರೆದು ಮಲಗಿದ್ದವು, ನೊರೆ ಗುಲಾಬಿ ಬಣ್ಣದ್ದು. ಒಬ್ಬ ಪೈಪಿನಿಂದ ನೀರು ಬಿಡುತ್ತಿದ್ದ, ನೀರು ಬಿದ್ದ ಕಡೆಯಿಂದ ಆವಿ ಏಳುತ್ತಿತ್ತು.

ಗೋಡೆಯ ಕಿರಿದಾದ ನೆರಳಿನಲ್ಲಿ ಸಾಲಿನ ಮೂವತ್ತು ಜನ ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡೇ ಕೂತಿದ್ದರು. ಬೆಳಿಗ್ಗೆಯಿಂದ ಕೈಗೆ ಕೆಲಸವಿಲ್ಲ, ಕಿವಿಗೆ ಮಾತ್ರ ಕೆಲಸ. "ಏಸಿ ಹೊರಗೆ ಬಂದಿದೆ ನೋಡ್ರೋ," ಎಂದ ಒಬ್ಬ. "ಬಿಸಿಲಿಗೆ ಕರಗಿಬಿಟ್ಟೀತು, ಕೊಡೆ ಹಿಡೀರೋ." ಏಸಿ ಎಂಬುದು ಅವನಿಗೆ ಅವರಿಟ್ಟ ಹೆಸರು. ಎಂದಿನ ಜೋಕು, ಎಂದಿನ ನಗೆ ಬರಲಿಲ್ಲ.

ಮೊದಲ ಕತ್ತಿಯವನು ಎದ್ದು ಬಂದ. ಸಾಲಿನ ತಲೆಯಲ್ಲಿ ನಿಂತು ಮೊದಲ ಇರಿತ ಇರಿಯುವವನು. ಇಪ್ಪತ್ತಾರು ವರ್ಷ ಇದೇ ಕೆಲಸ. ದೊಡ್ಡ ಮೈ, ಸಣ್ಣ ದನಿ. ಅವನು ಯಾರ ಜೊತೆಯೂ ಜಗಳವಾಡಿದ್ದನ್ನು ಯಾರೂ ನೋಡಿರಲಿಲ್ಲ.

"ನಾನು ಒಂದೇ ಸಲಕ್ಕೆ ಮುಗಿಸೋನು," ಎಂದ. "ಇಷ್ಟು ವರ್ಷದಲ್ಲಿ ಒಂದಕ್ಕೂ ಎರಡನೇ ಸಲ ಕತ್ತಿ ಹಾಕಿಲ್ಲ. ಅದಕ್ಕೇ ಮನೇಗೆ ಹೋಗಿ ನಿದ್ದೆ ಮಾಡ್ತೀನಿ. ಇದನ್ನ ನೋಡಿ. ಇದಕ್ಕೇನಂತೀರಿ ನೀವು? ಬೆಳಿಗ್ಗೆಯಿಂದ ಕೇಳ್ತಿದೀನಿ ಇವರನ್ನ, ಗೇಟು ತೆಗೀರಿ, ಕಣ್ಣೆದುರಿಗೆ ಸಾಯೋದನ್ನಾದ್ರೂ ಮುಗಿಸ್ತೀನಿ ಅಂತ. ನಂಬರಿಲ್ಲ ಅಂತಾರೆ. ಯಾರು ಮಾಡಿದ್ದು ಇದನ್ನ?"

ಮೂವತ್ತು ಜೊತೆ ಕಣ್ಣು. ಭಾವನ ಕೈ ಇನ್ನೂ ಕಾಲರಿನ ಮೇಲೆ. ಈ ಸಲ ಬಾಯಿಯ ಮೇಲೆ ಹೊರಿಸುವಂತಿರಲಿಲ್ಲ, ಯೋಚಿಸಿ, ಪದ ಆರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಪ್ರಿಂಟರ್ ಶಾಯಿ. ನನಗೆ ಗೊತ್ತಿಲ್ಲದ ಹಾಗೆ ಒಂದು ಪ್ಯಾಕೇಜು ತುರುಕಿದ್ದಾನೆ. ಅದರಿಂದ ಇದೆಲ್ಲ." ಹೇಳಿದ ಕೂಡಲೇ ಒಂದು ಬಗೆಯ ತಂಪು ಮೈಯಲ್ಲಿ ಹರಿಯಿತು. ಆ ಮೂವತ್ತು ಜೊತೆ ಕಣ್ಣುಗಳು ತನ್ನ ಮೇಲಿಂದ ಎದ್ದು, ಹಕ್ಕಿಗಳ ಹಾಗೆ, ಗೇಟಿನ ಕಡೆ ಹೋದವು.

ಶಾಯಿ ಹನ್ನೊಂದೂವರೆಗೆ ಬಂದ. ಗೇಟಿನಿಂದ ಕೋಣೆಯವರೆಗೆ ಅವನು ಒಬ್ಬನೇ ಬರಲಿಲ್ಲ. ಎರಡೂ ಬದಿಗೆ ಜನ, ಹಿಂದೆ ಮೊದಲ ಕತ್ತಿಯವನು, ಮುಂದೆ ಭಾವ. ಯಾವತ್ತೂ ಇಬ್ಬರಿಗಿಂತ ಹೆಚ್ಚು ಜನ ಬಾರದ ಬಿಳಿ ಕೋಣೆಯಲ್ಲಿ ಎಂಟು ಜನ ತುಂಬಿಕೊಂಡರು, ಬೆವರು, ರಕ್ತ, ಸಗಣಿಯ ವಾಸನೆ ತುಂಬಿಕೊಂಡಿತು. ಶಾಯಿ ಬಂದವನೇ ಪರದೆ ನೋಡಿದ, ನೋಡಿ ಮುಖ ಅರಳಿಸಿದ. ಕಾಯಿಲೆ ಗುರುತಿಸಿದ ವೈದ್ಯನ ಮುಖ.

"ಇದೇನಾ ಸಾರ್! ಇದಕ್ಕೆ ಇಷ್ಟು ಗಾಬರಿ ಯಾಕೆ? ನಾನು ಅವತ್ತೇ ಹೇಳಿದ್ನಲ್ಲ. ಹೊಸಾ ಪ್ಯಾಕೇಜು ಬಂದಿದೆ ಈಗ, ತಂದಿದೀನಿ. ಫೋನಲ್ಲಿ ಅಪ್‌ಗ್ರೇಡ್ ಅಂದ ತಕ್ಷಣ ಗೊತ್ತಾಯ್ತು. ಹಳೇದನ್ನ ಬೀಗ ತೆಗೆದು ಕಿತ್ತು ಹಾಕಿ, ನಿಂತಿರೋದನ್ನ ಮುಗಿಸಿ, ಇದನ್ನ ಹಾಕೋಣ. ಮುಕ್ಕಾಲು ಗಂಟೆ." ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದ, ಅದಕ್ಕೆ ಕೆಂಪು ದಾರ ಕಟ್ಟಿತ್ತು.

"ಹಳೇದನ್ನ ಹಾಕಿದ್ದು ಯಾರು?" ಎಂದ ಮೊದಲ ಕತ್ತಿಯವನು.

ಶಾಯಿ ತಿರುಗಿ ನೋಡಿದ. ಆಗಷ್ಟೇ ಅವನಿಗೆ ತನ್ನ ಸುತ್ತ ಎಷ್ಟು ಜನ ನಿಂತಿದ್ದಾರೆ, ಎಷ್ಟು ಹತ್ತಿರ ನಿಂತಿದ್ದಾರೆ ಎಂಬುದು ಅರಿವಿಗೆ ಬಂದಂತಿತ್ತು. "ಯಾರು ಅಂದ್ರೆ..." ಎಂದು ಇವನ ಮುಖ ನೋಡಿದ. ಸುಳಿವಿಗಾಗಿ ನೋಡಿದ ನೋಟ. ಸಾರ್ ಹೇಗೆ ಹೇಳು ಎಂದರೆ ಹಾಗೆ ಹೇಳುತ್ತೇನೆ ಎಂಬಂಥದು. ಇವನು ಕೀಬೋರ್ಡನ್ನು ನೋಡುತ್ತಿದ್ದ.

"ನೀನಂತೆ," ಎಂದರು ಭಾವ.

"ನಾನಾ? ಇಲ್ಲ ಸಾರ್. ನಾನು ಬೇಡ ಅಂದವನು. ಕೇಳಿ ಬೇಕಾದ್ರೆ..." ಮತ್ತೆ ಇವನ ಮುಖ ನೋಡಿದ. ಈಗ ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಕನ್ನಡಕದ ದಪ್ಪ ಗಾಜಿನ ಹಿಂದೆ ನಿಧಾನವಾಗಿ ಹರಡಿತು. ಆದರೂ ದನಿ ಏರಿಸಲಿಲ್ಲ. "ಜಗಳ ಯಾಕೆ ಸಾರ್? ಯಂತ್ರ ಸುಳ್ಳು ಹೇಳಲ್ವಲ್ಲ. ಒಳಗೆ ಬರೆದಿರತ್ತೆ, ಯಾವತ್ತು, ಯಾರು ಹಾಕಿದ್ದು ಅಂತ. ನನ್ನ ಹೆಸರಲ್ಲಿ ಇದಕ್ಕೆ ಲಾಗಿನ್ನೇ ಇಲ್ಲ. ಆ ಕಡತ ತೆಗೆದು ತೋರಿಸಿ, ಸಾಕು. ಎಲ್ರೂ ಓದ್ಲಿ."

"ತೋರಿಸು," ಎಂದರು ಭಾವ.

ತೆರೆದ. ಆ ವರ್ಷ, ಆ ತಿಂಗಳು, ಆ ದಿನ. ಶಾಯಿ ಬಾಗಿ, ಮಸಿಬೆರಳನ್ನು ಪರದೆಗೆ ತಾಗಿಸದೆ ಒಂದು ಇಂಚು ದೂರದಲ್ಲಿ ಹಿಡಿದು, ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದ. ಬೆಳಿಗ್ಗೆ ಒಂಬತ್ತರ ಸಾಲು. ಮಧ್ಯಾಹ್ನ ಒಂದರ ಸಾಲು. ಅದರ ಕೆಳಗೆ ಮಾರನೆಯ ದಿನದ ಸಾಲು. ಬೆರಳು ಅಲ್ಲೇ ನಿಂತಿತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಇಳಿಯಿತು. "ಇಲ್ಲೇ ಇರ್ಬೇಕು," ಎಂದ. "ನಾಟಕ ಇತ್ತಲ್ಲ ಸಾರ್ ಅವತ್ತು, ನಿಮ್ಮ ಮಗಳದು. ಸಾಯಂಕಾಲ. ಇಲ್ಲೇ ಇರ್ಬೇಕಿತ್ತು."

ಅವನು ಮಗಳ ನಾಟಕವನ್ನು ನೆನಪಿಟ್ಟುಕೊಂಡಿದ್ದ.

"ಇದ್ಯೋ ಇಲ್ವೋ?" ಎಂದ ಮೊದಲ ಕತ್ತಿಯವನು. ದನಿ ಇನ್ನೂ ಸಣ್ಣದೇ. ಆಚೆ ಯಾವುದೋ ಹಂದಿ ಉದ್ದಕ್ಕೆ ಕೂಗಿ ಅರ್ಧಕ್ಕೇ ನಿಂತಿತು.

"ಇಲ್ಲ, ಆದ್ರೆ..."

ಹೊಡೆತ ಬಿದ್ದದ್ದು ಯಾರಿಗೂ ಸರಿಯಾಗಿ ಕಾಣಲಿಲ್ಲ. ಕೈ ಎತ್ತಿದ್ದೂ ಕಾಣಲಿಲ್ಲ. ಒಂದೇ ಸಲ. ಶಾಯಿಯ ತಲೆ ಪಕ್ಕಕ್ಕೆ ಹೋಗಿ ಕಬ್ಬಿಣದ ಕಪಾಟಿನ ಅಂಚಿಗೆ ಬಡಿಯಿತು, ಕನ್ನಡಕದ ಎಡಗಾಜು ಸದ್ದಿಲ್ಲದೆ ಒಳಗೆ ಕುಸಿಯಿತು. ಅವನು ಕೂಗಲಿಲ್ಲ. ಎರಡೂ ಕೈಗಳಿಂದ ಮುಖದ ಎಡಭಾಗವನ್ನು, ತುಂಬಿದ ಬಟ್ಟಲನ್ನು ಚೆಲ್ಲದಂತೆ ಹಿಡಿಯುವ ಹಾಗೆ, ಹಿಡಿದುಕೊಂಡು ನೆಲದ ಮೇಲೆ ಕೂತ. ಬೆರಳ ಸಂದಿಯಿಂದ ಇಳಿದದ್ದು ಮೊದಲು ನೀರಿನಂತಿತ್ತು, ಆಮೇಲೆ ಕೆಂಪಾಯಿತು. ಉಳಿದವರಲ್ಲಿ ಇಬ್ಬರು ಬೂಟುಗಾಲಿನಿಂದ ಒದ್ದರು. ಸಿಟ್ಟಿನಿಂದಲ್ಲ, ತಾವೂ ಬಂದದ್ದಕ್ಕೆ. "ಸಾಕು," ಎಂದರು ಭಾವ. ಆ ಸಾಕು ಎರಡು ಒದೆತ ತಡವಾಗಿ ಬಂತು. ಹೊತ್ತುಕೊಂಡು ಹೋದರು. ಹೋಗುವಾಗ ಶಾಯಿಯ ಒಂದು ಚಪ್ಪಲಿ ಬಾಗಿಲಲ್ಲಿ ಕಳಚಿ ಬಿತ್ತು.

ಕೋಣೆಯಲ್ಲಿ ಅವನೊಬ್ಬನೇ ಉಳಿದ. ಪೆನ್‌ಡ್ರೈವ್ ಕುರ್ಚಿಯ ಕೆಳಗೆ ಬಿದ್ದಿತ್ತು, ಕೆಂಪು ದಾರದ ತುದಿ ಒದ್ದೆಯಾಗಿತ್ತು. ಬಗ್ಗಿ ಎತ್ತಿಕೊಂಡ, ಅಂಗಿಗೆ ಒರೆಸಿದ, ಯಂತ್ರಕ್ಕೆ ಚುಚ್ಚಿದ. ಆಮೇಲಿನ ಒಂದು ಗಂಟೆಯನ್ನು ನೆನೆದರೆ ಅವನಿಗೆ ಇವತ್ತಿಗೂ ತನ್ನ ಮೇಲೆ ಹೇಸಿಗೆಯಾಗುತ್ತದೆ, ಏಕೆಂದರೆ ಆ ಒಂದು ಗಂಟೆಯಲ್ಲಿ ಅವನಿಗೆ ಖುಷಿಯಾಗಿತ್ತು. ಬೀಗ ತೆಗೆದ. ಹಳೆಯ ಲೇಬಲ್ ಪ್ಯಾಕೇಜನ್ನು ಕೀಳಲು ಹೇಳಿದ. ಅದರ ಜೊತೆ ಇನ್ನೇನೇನು ಹೋಗುತ್ತದೆ ಎಂದು ಯಂತ್ರ ಪಟ್ಟಿ ಕೊಟ್ಟಿತು. ಈ ಸಲ ಪ್ರತಿ ಹೆಸರನ್ನೂ ಬೆರಳಿಟ್ಟು ಓದಿದ. ಹಂದಿಗಳ ದಾಖಲೆಯನ್ನು ಹಿಡಿದಿದ್ದ ಡೇಟಾಬೇಸ್ ಆ ಪಟ್ಟಿಯಲ್ಲಿತ್ತು. ಓದದೆ ಹೂಂ ಎಂದಿದ್ದರೆ ಅದೂ ಹೋಗುತ್ತಿತ್ತು. ಇಲ್ಲ ಎಂದ. ಅದನ್ನು ಉಳಿಸಿಕೊಂಡು, ಒಂದೊಂದಾಗಿ, ಮುಳ್ಳು ತೆಗೆಯುವಂತೆ, ಹಳೆಯವನ್ನು ಬಿಡಿಸಿದ. ಅರ್ಧಕ್ಕೆ ನಿಂತಿದ್ದವು ಮತ್ತೆ ಚಲಿಸತೊಡಗಿದವು. ಪರದೆಯ ಮೇಲೆ ಸಾಲುಗಳು ಸರಸರ ಏರಿದವು. ಶಾಯಿ ತಂದಿದ್ದ ಹೊಸ ಪ್ಯಾಕೇಜು ಒಂದೇ ಒಂದು ತಕರಾರಿಲ್ಲದೆ ತನ್ನ ಜಾಗದಲ್ಲಿ ಕೂತಿತು. ಎಷ್ಟು ಸಲೀಸಾಗಿ ಕೂತಿತೆಂದರೆ ಅವನು ಗಟ್ಟಿಯಾಗಿ "ಭಲೆ!" ಎಂದುಬಿಟ್ಟ. ಹನ್ನೆರಡು ಐವತ್ತಕ್ಕೆ ಗೇಟು ತೆರೆಯಿತು. ಗೋಡೆಯಾಚೆ ಸರಪಳಿ ಕದಲಿತು, ನೀರು ಬಿಟ್ಟರು, ಗರಗಸ ಎದ್ದಿತು. ಕಿರುಚಾಟ ಸ್ವಲ್ಪ ಸ್ವಲ್ಪವಾಗಿ ಆ ಗುಂಯ್‌ಗುಡುವುದರ ಅಡಿಗೆ ಹೋಯಿತು. ಈಗ ಅವನಿಗೆ ಅದು ಕೇಳಿಸದೆ ಹೋಗಲಿಲ್ಲ.

ಭಾವ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದರು. "ಓಡ್ತಿದೆ," ಎಂದರು ಅವನನ್ನು ಕಂಡು, ಮೆಚ್ಚುಗೆಯಿಂದಲೇ.

"ಅವನು ಹೇಗಿದಾನೆ?"

"ಎಡಗಣ್ಣು ಉಳಿಯಲ್ವಂತೆ. ರಸ್ತೆಯಾಚೆ ಆಸ್ಪತ್ರೇಲಿದಾನೆ. ಕಂಪನಿ ನೋಡ್ಕೊಳತ್ತೆ."

"ಭಾವ, ಅದನ್ನ ಹಾಕಿದ್ದು ನಾನು. ಕಡತದಿಂದ ಅಳಿಸಿದ್ದೂ ನಾನೇ."

ಭಾವ ನಲ್ಲಿ ನಿಲ್ಲಿಸಿದರು. ಟವೆಲಿನಿಂದ ಕತ್ತು, ಕಿವಿಯ ಹಿಂಭಾಗ, ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಗೊತ್ತು," ಎಂದರು.

"ಗೊತ್ತಾ?"

"ನೀನು ನೆಲ ನೋಡ್ಕೊಂಡು ಹೆಸರು ಹೇಳಿದಾಗ್ಲೇ ಗೊತ್ತಾಯ್ತು. ಮೂವತ್ತು ಜನ ಕತ್ತಿ ಸಿಕ್ಕಿಸ್ಕೊಂಡು ಬೆಳಿಗ್ಗೆಯಿಂದ ಆ ಸದ್ದು ಕೇಳ್ತಾ ಕೂತಿದ್ರು. ಅವರಿಗೆ ಯಾರಾದ್ರೂ ಒಬ್ಬ ಬೇಕಿತ್ತು. ನೀನು ನನ್ನ ಹೆಂಡ್ತಿ ತಮ್ಮ. ನಾನೇನು ಮಾಡ್ಬೇಕಿತ್ತು, ನೀನೇ ಹೇಳು. ಹೋಗು, ಊಟ ಮಾಡು. ಯಾರ ಹತ್ರಾನೂ ಬಾಯಿಬಿಡ್ಬೇಡ. ನನ್ನ ಹತ್ರಾನೂ ಹೇಳಿಲ್ಲ ಅಂದ್ಕೋ."

ಇಷ್ಟು ಸುಲಭವಾಗಿ ಕ್ಷಮೆ ಸಿಗುವುದೆಂದು ಅವನು ಎಣಿಸಿರಲಿಲ್ಲ. ಒಂದು ಕ್ಷಣ ಹೊಟ್ಟೆ ಹಸಿಯಿತು ಕೂಡ. ಡಬ್ಬಿಯಲ್ಲಿ ಹೆಂಡತಿ ಹಾಕಿಕೊಟ್ಟದ್ದು ಏನಿರಬಹುದು ಎಂದು ಯೋಚನೆ ಬಂತು. ಆ ಯೋಚನೆಯೇ ಅವನನ್ನು ಹೊಡೆದೆಬ್ಬಿಸಿತು. ತಿರುಗಿ ಕೊಲ್ಲುವ ಅಂಗಳದ ಕಡೆ ನಡೆದ. ಭಾವ ಹಿಂದಿನಿಂದ "ಏಯ್!" ಎಂದರು, ಆಮೇಲೆ "ನಿಮ್ಮಕ್ಕನ ಮುಖ ನೋಡಾದ್ರೂ..." ಎಂದರು. ರಬ್ಬರಿನ ಪರದೆ ಸರಿಸಿ ಒಳಗೆ ಕಾಲಿಟ್ಟ ಮೇಲೆ ಅದು ಕೇಳಿಸಲಿಲ್ಲ.

ಹನ್ನೊಂದು ವರ್ಷದಲ್ಲಿ ಈ ಪರದೆಯನ್ನು ಅವನು ದಾಟಿರಲಿಲ್ಲ. ಹಂದಿಗಳು ಹಿಂಗಾಲಿನಿಂದ ತೂಗಾಡುತ್ತ, ಮೂರ್ಛೆಯಲ್ಲಿ, ಒಂದರ ಹಿಂದೊಂದು ಬರುತ್ತಿದ್ದವು. ಮೊದಲ ಕತ್ತಿಯವನು ಮೊಣಕಾಲಿನವರೆಗಿನ ಬೂಟಿನಲ್ಲಿ, ಕಂದು ನೀರಿನಲ್ಲಿ ನಿಂತಿದ್ದ. ಎಡಗೈ ಮುಂಗಾಲನ್ನು ಹಿಡಿಯುತ್ತಿತ್ತು, ಬಲಗೈ ಒಳಗೆ ಹೋಗಿ ಬರುತ್ತಿತ್ತು, ಒಂದೇ ಸಲ. ಅವನ ಮುಖದಲ್ಲಿ ಸಿಟ್ಟಿನ ಕುರುಹೂ ಇರಲಿಲ್ಲ. ಪ್ರಾರ್ಥನೆಯಲ್ಲಿರುವವನ ಮುಖ.

"ನಿಮಗೊಂದು ಮಾತು ಹೇಳ್ಬೇಕು."

"ಹೇಳಿ." ಕೈ ನಿಲ್ಲಲಿಲ್ಲ.

ಹೇಳಿದ. ಸದ್ದಿನಲ್ಲಿ ಕೂಗಿ ಹೇಳಬೇಕಾಯಿತು. ಮೂರು ವರ್ಷದ ಹಿಂದಿನದು, ಬೇಡವೆಂದು ಶಾಯಿ ಹೇಳಿದ್ದು, ಬಲವಂತ ಮಾಡಿದ್ದು, ಬೆಳಿಗ್ಗೆ ಅಳಿಸಿದ್ದು. ಅಕ್ಕಪಕ್ಕದ ಕತ್ತಿಗಳು ನಿಂತವು. ಮೊದಲ ಕತ್ತಿಯವನು ಕೊನೆಯವರೆಗೂ ಕೇಳಿ, ಎದುರಿಗೆ ಬಂದ ಹಂದಿಯನ್ನು ಮುಗಿಸಿ, ಸಾಲು ನಿಲ್ಲಿಸುವ ಹಗ್ಗ ಎಳೆದ. ಇಪ್ಪತ್ತಾರು ವರ್ಷದಲ್ಲಿ ಅವನು ಅದನ್ನು ಎಳೆದಿರಲಿಲ್ಲ. ಕತ್ತಿಯನ್ನು ತೊಳೆದು ಒರೆಗೆ ಹಾಕಿದ. ಕೈ ತೊಳೆದ. ಹತ್ತಿರ ಬಂದ.

"ನನ್ನ ಕೈಲಿ ಯಾರಿಗೆ ಹೊಡಿಸ್ದೆ?" ಎಂದ. ಇಲ್ಲಿಯವರೆಗೂ ಅವನು ಇವನನ್ನು ನೀವು ಎನ್ನುತ್ತಿದ್ದ. "ಈ ಕೈಲಿ ನಾನು ನನ್ನ ಮಕ್ಕಳಿಗೂ ಹೊಡೆದಿಲ್ಲ. ಗೊತ್ತಾ ನಿನಗೆ? ದಿನಕ್ಕೆ ಆರುನೂರು ಕೊಂದು, ಮನೇಗೆ ಹೋಗಿ ಒಂದು ನೊಣಕ್ಕೂ ಹೊಡೆಯೋನಲ್ಲ ನಾನು. ಯಾರಿಗೆ ಹೊಡಿಸ್ದೆ?"

ಮುಷ್ಟಿ ಬಾಯಿಗೆ ಬಿತ್ತು. ಕಾಲ ಕೆಳಗಿನ ನೆಲ ಜಾರಿ, ಕಂದು ನೀರಿನಲ್ಲಿ ಬೆನ್ನ ಮೇಲೆ ಬಿದ್ದ. ಮೇಲೆ ತೂಗುತ್ತಿದ್ದ ಹಂದಿಯಿಂದ ಬಿಸಿಬಿಸಿಯಾದದ್ದು ಹಣೆಯ ಮೇಲೆ ತೊಟ್ಟಿಕ್ಕಿತು. ಹಲ್ಲೊಂದು ನಾಲಿಗೆಯ ಮೇಲೆ ಹರಳಿನಂತೆ ಹೊರಳಿತು. ಏಳಲಿಲ್ಲ. ಇನ್ನೊಂದು ಬರಲಿ, ಇನ್ನೂ ಬರಲಿ ಎಂದು ಕಣ್ಣು ಮುಚ್ಚಿ ಕಾದ. ಬರಲಿಲ್ಲ.

"ಏಳು," ಎಂದ ಮೊದಲ ಕತ್ತಿಯವನು, ಮೇಲಿನಿಂದ. "ಇದು ನಂದು. ಅವನದನ್ನ ಅವನ ಹತ್ರಾನೇ ಹೋಗಿ ಇಸ್ಕೋ." ಹೋಗಿ ಹಗ್ಗವನ್ನು ಮೊದಲಿನ ಜಾಗಕ್ಕೆ ಬಿಟ್ಟ. ಸಾಲು ಮತ್ತೆ ಹೊರಟಿತು.

ಆಸ್ಪತ್ರೆ ರಸ್ತೆಯ ಆಚೆ, ನಾಲ್ಕು ಅಂಗಡಿ ದಾಟಿದರೆ. ನಡುಹಗಲು. ಬಾಯಿಂದ ಗದ್ದಕ್ಕೆ, ಗದ್ದದಿಂದ ಅಂಗಿಗೆ ಇಳಿಯುತ್ತಿದ್ದ ರಕ್ತ ನೋಡಿ ಎದುರು ಬಂದವರು ಪಕ್ಕಕ್ಕೆ ಸರಿದರು. ಕೈಯಲ್ಲಿ ಶಾಯಿಯ ಆ ಒಂಟಿ ಚಪ್ಪಲಿ ಇತ್ತು. ಯಾವಾಗ ಎತ್ತಿಕೊಂಡೆನೆಂದು ಅವನಿಗೇ ತಿಳಿಯದು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬ ಹೆಂಗಸು ಒಡೆದ ಕನ್ನಡಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಡುಗೆಯ ನಡುವೆ ಎದ್ದು ಬಂದಿರಬೇಕು, ಕೈಗೆ ಹಿಟ್ಟು ಅಂಟಿತ್ತು. ಚಪ್ಪಲಿಯ ಗುರುತು ಹಿಡಿದಳು. ಆಮೇಲೆ ಅವನ ಬಾಯಿ ನೋಡಿದಳು.

"ಅಯ್ಯೋ," ಎಂದು ಎದ್ದು ನಿಂತಳು. "ನೀವು ಅವರ ಜೊತೆ ಇದ್ರಾ? ಕಂಪ್ಯೂಟರ್ ಸಾರ್ ಅಲ್ವಾ ನೀವು? ಅವರು ಯಾವಾಗ್ಲೂ ನಿಮ್ಮ ಮಾತಾಡ್ತಿರ್ತಾರೆ. ಬಿಡಿಸಕ್ಕೆ ಹೋಗಿ ನಿಮಗೂ ಬಿತ್ತಾ?"

ಅವನ ತಲೆ ಆಗಲೇ ಹೌದೆಂದು ಆಡಲು ಹೊರಟಿತ್ತು. ಆಕೆ ಅವನನ್ನು ತೋಳು ಹಿಡಿದು ತನ್ನ ಜಾಗದಲ್ಲಿ ಕೂರಿಸಿದಳು, ಹೆಗಲ ಮೇಲಿನ ಬಟ್ಟೆಯ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿ ಹಿಂಡಿದಳು, "ಸ್ವಲ್ಪ ಉರಿಯತ್ತೆ, ತಡ್ಕೊಳ್ಳಿ" ಎನ್ನುತ್ತ ಅವನ ಗದ್ದ ಎತ್ತಿ ಹಿಡಿದಳು. ಹಿಟ್ಟಿನ ವಾಸನೆಯ ಬೆರಳು. ಅವನು ಆ ಕೈಯನ್ನು ಹಿಡಿದು ಕೆಳಗಿಳಿಸಿದ.

"ಇಲ್ಲಮ್ಮ," ಎಂದ. "ಅವರಿಗೆ ಹೊಡಿಸಿದವನು ನಾನು."

ಒಡೆದ ತುಟಿ, ಬಿದ್ದ ಹಲ್ಲು. ಮಾತು ಉಗುಳಿನ ಜೊತೆ ಕಲಸಿಹೋಗಿ ಬಂತು. ಆಕೆ ಬಟ್ಟೆಯ ತುದಿಯನ್ನು ಹಿಡಿದೇ, ಅವನ ಬಾಯಿಯ ಹತ್ತಿರ ಕಿವಿ ತಂದು, "ಏನಂದ್ರಿ?" ಎಂದು ಕೇಳಿದಳು.

ಅವನು ಎರಡನೆಯ ಸಲ ಹೇಳಬೇಕಾಯಿತು.